ಅಮ್ಮನ ಕಾರಿನ ಬೀಡಿಂಗ್

ನಮ್ಮ ತೋಟದ ಶೆಡ್ಡಿನಲ್ಲಿ ಎರಡು ವಾಹನಗಳು ನಿಲ್ಲುತ್ತಿದ್ದ ಕಾಲದ ಮಾತಿದು. ಒಂದು ಅಪ್ಪನ ಜೀಪು, ಇನ್ನೊಂದು ಅಮ್ಮನ ಅಂಬಾಸಿಡರ್. ಜೀಪಿಗೆ ಬಾಗಿಲೇ ಇರಲಿಲ್ಲ. ಹಾಗಾಗಿ ಅದರೊಳಗೆ ಮಳೆ ಬರುತ್ತದೆ ಎಂದು ಯಾರೂ ದೂರುತ್ತಿರಲಿಲ್ಲ. ಅಂಬಾಸಿಡರ್‌ಗೆ ನಾಲ್ಕು ಬಾಗಿಲು, ಹಿಂದೆ ಮುಂದೆ ದೊಡ್ಡ ಗಾಜು, ಮೇಲೆ ಗಟ್ಟಿಯಾದ ಸೂರು ಎಲ್ಲ ಇದ್ದವು. ಆದರೂ ಮಳೆ ಒಳಗೇ ಬರುತ್ತಿತ್ತು. ಮನೆಯ ಜಗಳವೆಲ್ಲ ಹುಟ್ಟಿದ್ದು ಇಲ್ಲಿಂದ.

ಆಗ ನನಗೆ ಹತ್ತು ವರ್ಷ. ತೋಟ ಬಾಳೂರಿನ ಕಡೆ, ಡಾಂಬರು ರಸ್ತೆಯಿಂದ ಒಳಗೆ. ಅಮ್ಮ ಮೂಡಿಗೆರೆಯ ಒಂದು ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದಳು. ನಾನೂ ಅದೇ ಶಾಲೆಯಲ್ಲಿ ಓದುತ್ತಿದ್ದೆ. ನಮ್ಮ ಗೇಟಿನ ಮುಂದೆ ನಿಲ್ಲುತ್ತಿದ್ದ ಬೆಳಗಿನ ಒಂದೇ ಬಸ್ಸು ಮೂಡಿಗೆರೆ ಮುಟ್ಟುವಷ್ಟರಲ್ಲಿ ಶಾಲೆಯ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಕಾರು ಇದ್ದರೆ ಅಮ್ಮನಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಕಾರು ಅವಳಿಗೆ ತವರಿನಿಂದ ಬಂದದ್ದು. ವಸ್ತಾರೆಯಲ್ಲಿದ್ದ ಅವಳ ತಂದೆ, ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟಾಗ, ಗಂಡುಮಕ್ಕಳಿಬ್ಬರನ್ನು ಬಿಟ್ಟು ಮಗಳ ಕೈಗೆ ಕೀಲಿ ಕೊಟ್ಟಿದ್ದರು. ಅವಳಿಗೆ ಕಾರು ಓಡಿಸಲು ಕಲಿಸಿದ್ದೂ ಅವರೇ. ಬೆಳಿಗ್ಗೆ ತೋಟದ ಗೇಟು ದಾಟಿದ ಕೂಡಲೇ ಅಮ್ಮ, "ಪುಸ್ತಕ ತೆಗಿ" ಎನ್ನುತ್ತಿದ್ದಳು. ಅಂದು ತರಗತಿಯಲ್ಲಿ ಮಾಡಬೇಕಾದ ಪಾಠವನ್ನು ದಾರಿಯುದ್ದಕ್ಕೂ ನನಗೆ ಮಾಡುತ್ತಿದ್ದಳು. ತಿರುವುಗಳಲ್ಲಿ ಓದಿದರೆ ನನಗೆ ಹೊಟ್ಟೆ ತೊಳೆಸುತ್ತಿತ್ತು. ಹಾಗಾದಾಗ ಅವಳು ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಡ್ಯಾಶ್‌ಬೋರ್ಡಿನ ಗೂಡಿನಿಂದ ಒಂದು ನಿಂಬೆಹಣ್ಣು ತೆಗೆದುಕೊಡುತ್ತಿದ್ದಳು. ಆ ಗೂಡಿನಲ್ಲಿ ನಿಂಬೆಹಣ್ಣು, ಚಾಕ್‌ಪೀಸು, ಟಾರ್ಚು ಯಾವಾಗಲೂ ಇರುತ್ತಿದ್ದವು. ಕಾರಿನೊಳಗೆ ಪೆಟ್ರೋಲು, ನಿಂಬೆ ಮತ್ತು ಸೀಟಿನೊಳಗಿನ ತೆಂಗಿನ ನಾರು ಸೇರಿದ ವಾಸನೆ. ಮಳೆಗಾಲದಲ್ಲಿ ಇದಕ್ಕೆ ಬೂಷ್ಟಿನ ವಾಸನೆಯೂ ಸೇರುತ್ತಿತ್ತು.

ಬೀಡಿಂಗ್ ಎಂದರೆ ಗಾಜಿಗೂ ಕಾರಿನ ತಗಡಿಗೂ ನಡುವೆ ಕೂರುವ ಕಪ್ಪು ರಬ್ಬರ್ ಪಟ್ಟಿ. ಅದರ ಒಂದು ಸೀಳಿನಲ್ಲಿ ಗಾಜು, ಇನ್ನೊಂದು ಸೀಳಿನಲ್ಲಿ ತಗಡಿನ ಅಂಚು. ಅದು ಗಟ್ಟಿಯಿದ್ದರೆ ಮಳೆ ಹೊರಗೆ, ಇಲ್ಲದಿದ್ದರೆ ತೊಡೆಯ ಮೇಲೆ. ಅಮ್ಮನ ಕಾರಿನ ಮುಂದಿನ ಗಾಜಿನ ಬೀಡಿಂಗ್ ಒಣಗಿ, ಬೇಸಿಗೆಯ ಗದ್ದೆಯ ನೆಲದ ಹಾಗೆ ಬಿರಿದಿತ್ತು. ಹಿಂದಿನ ಮಳೆಗಾಲದಲ್ಲಿ ನೀರು ಮೇಲಿನ ಮೂಲೆಯಿಂದ ಇಳಿದು, ಡ್ಯಾಶ್‌ಬೋರ್ಡಿನ ವೈರುಗಳ ಮೇಲೆ ಹರಿದು, ಅಮ್ಮನ ಸೀರೆಗೆ ಬೀಳುತ್ತಿತ್ತು. ಅವಳು ತೊಡೆಯ ಮೇಲೆ ಹಳೆಯ ಟವೆಲು ಹಾಸಿಕೊಂಡು ಓಡಿಸುತ್ತಿದ್ದಳು. ವೈರು ಒದ್ದೆಯಾದ ದಿನ ವೈಪರ್ ನಿಲ್ಲುತ್ತಿತ್ತು. ವೈಪರ್ ಇಲ್ಲದೆ ಆ ರಸ್ತೆಯಲ್ಲಿ ಹೋಗುವಂತಿಲ್ಲ. ಆ ಒಂದು ಮಳೆಗಾಲದಲ್ಲಿ ಅವಳು ಎಷ್ಟು ದಿನ ರಜೆ ಹಾಕಿದಳೆಂಬ ಲೆಕ್ಕ ನನ್ನಲ್ಲಿಲ್ಲ. ಹೆಡ್‌ಮಿಸ್ಟ್ರೆಸ್ ಹತ್ತಿರ ಇತ್ತು. ವರ್ಷದ ಕೊನೆಗೆ ಅವರು ಅಮ್ಮನನ್ನು ಕರೆದು ಹೇಳಿದಾಗ ನಾನು ಬಾಗಿಲ ಹೊರಗೆ ಚೀಲ ಹಿಡಿದು ನಿಂತಿದ್ದೆ.

"ಪಾಠದ ಬಗ್ಗೆ ನನ್ನ ಮಾತೇ ಇಲ್ಲ ಟೀಚರ್. ಆದ್ರೆ ಮುಂದಿನ ಜೂನ್‌ನಲ್ಲೂ ಹೀಗೇ ಆದ್ರೆ ನಾನು ಕಮಿಟಿಯವ್ರಿಗೆ ಏನು ಹೇಳ್ಲಿ? ಬೇರೆಯವ್ರನ್ನ ನೋಡ್ಬೇಕಾಗುತ್ತೆ."

ಆ ಸಂಜೆ ಅಮ್ಮ ಅಪ್ಪನಿಗೆ ವಿಷಯ ತಿಳಿಸಿದಳು. ಅಪ್ಪ ಗಮ್‌ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

"ಜೀಪ್ ಕೊಡಕ್ಕಾಗಲ್ಲ ನೋಡು. ಆಳುಗಳನ್ನ ಮೇಲಿನ ತೋಟಕ್ಕೆ ನಾನು ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?"

"ಜೀಪ್ ಯಾರು ಕೇಳಿದ್ರು? ನನ್ನ ಕಾರಿಗೆ ಬೀಡಿಂಗ್ ಹಾಕಿಸ್ತೀನಿ ಅಂದೆ."

"ಹಾಕ್ಸು. ಆದ್ರೆ ಈ ಸಲದ ಮಳೆಗೆ ಒಂದು ಹನಿ ಒಳಗೆ ಬಂದ್ರೂ ಕಾರು ಕೊಟ್ಬಿಡೋದು. ಚಿಕ್ಕಮಗಳೂರಿನವ್ರು ಒಬ್ರು ಕೇಳ್ತಾನೇ ಇದಾರೆ. ಶೆಡ್ಡಲ್ಲಿ ಜಾಗನಾದ್ರೂ ಆಗುತ್ತೆ."

"ಬರ್ದೇ ಇದ್ರೆ?"

"ಬರ್ದೇ ಇದ್ರೆ ಓಡ್ಸು ಮಾರಾಯ್ತಿ. ನಾನೇನು ಬೇಡ ಅಂದ್ನಾ?"

ಅಪ್ಪ ಕೆಟ್ಟವನಾಗಿರಲಿಲ್ಲ. ಆಡಿದ ಮಾತಿಗೆ ತಪ್ಪುತ್ತಿರಲಿಲ್ಲ. ಅವನೊಂದಿಗಿನ ಕಷ್ಟವೂ ಅದೇ ಆಗಿತ್ತು.

ಬೀಡಿಂಗ್ ತರಿಸುವುದೇ ಒಂದು ಸಾಹಸವಾಯಿತು. ಚಿಕ್ಕಮಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಅಮ್ಮ ಪತ್ರ ಬರೆದಳು. ಎರಡು ವಾರ ಉತ್ತರವಿಲ್ಲ. ಮೂರನೆಯ ವಾರ ಬಸ್ಸಿನ ಕಂಡಕ್ಟರ್ ನಮ್ಮ ಗೇಟಿನ ಮುಂದೆ ಒಂದು ಪಾರ್ಸೆಲ್ ಎಸೆದು ಹೋದ. ಬಿಚ್ಚಿದರೆ ಅದು ಹಿಂದಿನ ಗಾಜಿನದು. ಅಮ್ಮ ಅದನ್ನು ಮತ್ತೆ ಕಟ್ಟಿ, ಮತ್ತೊಂದು ಪತ್ರ ಬರೆದು, ಗಾಜಿನ ಸುತ್ತಳತೆಯನ್ನು ದಾರದಿಂದ ಅಳೆದು ಆ ದಾರವನ್ನೂ ಒಳಗಿಟ್ಟು ವಾಪಸು ಕಳಿಸಿದಳು. ಎರಡನೆಯ ಪಾರ್ಸೆಲ್ ಸರಿಯಾದದ್ದೇ ಬಂತು. ಆದರೆ ಹಾವಿನ ಹಾಗೆ ಬಿಗಿಯಾಗಿ ಸುತ್ತಿದ್ದ ರಬ್ಬರ್, ಬಿಚ್ಚಿದರೂ ಸುರುಳಿ ಬಿಡಲಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಅಜ್ಜಿ, ಅಂದರೆ ಅಪ್ಪನ ಅಮ್ಮ, ಹಲಸಿನ ಹಪ್ಪಳ ಹರವಿದ್ದಳು. ಅದರ ಪಕ್ಕದಲ್ಲೇ ರಬ್ಬರನ್ನೂ ಎರಡು ದಿನ ಬಿಸಿಲಿಗೆ ಹಾಕಿದೆವು. ಕಾಗೆ ಓಡಿಸುವ ಕೆಲಸ ನನ್ನದು. ಕಾಗೆಗಳು ಹಪ್ಪಳ ಬಿಟ್ಟು ರಬ್ಬರಿಗೇ ಕುಕ್ಕಲು ಬರುತ್ತಿದ್ದವು.

ಮೆಕ್ಯಾನಿಕ್ ಹಸನಬ್ಬ ಮೂಡಿಗೆರೆಯವರು. ಭಾನುವಾರ ಮೊದಲ ಬಸ್ಸಿಗೆ, ಸಾಮಾನಿನ ಚೀಲ ಹೊತ್ತು ಬಂದರು. ಬಂದವರೇ ಹಳೆಯ ಬೀಡಿಂಗ್ ಕೊಯ್ದು ತೆಗೆದು, ಗಾಜನ್ನು ಗೋಣಿಚೀಲಗಳ ಮೇಲೆ ಮಲಗಿಸಿದರು. ಗಾಜಿಲ್ಲದ ಕಾರು ಹಲ್ಲಿಲ್ಲದ ಬಾಯಿಯ ಹಾಗೆ ಕಂಡಿತು. ಹಸನಬ್ಬ ಹೊಸ ರಬ್ಬರನ್ನು ಗಾಜಿನ ಸುತ್ತ ಕೂರಿಸಿ, ತಗಡಿನ ಅಂಚು ಕೂರಬೇಕಾದ ಸೀಳಿನೊಳಗೆ ಸುತ್ತಲೂ ಒಂದು ದಾರ ತುಂಬಿ, ಸಲೀಸಾಗಿ ಜಾರಲೆಂದು ಸೋಪಿನ ನೀರು ಸವರಿದರು. ದಾರದ ಎರಡು ತುದಿಗಳು ಕಾರಿನೊಳಗೆ ಜೋತಾಡಬೇಕು. ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಒತ್ತಿ ಹಿಡಿದಾಗ ಒಳಗಿದ್ದವರು ದಾರ ಎಳೆಯುತ್ತ ಹೋಗಬೇಕು. ದಾರ ಬಂದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ ಒಳಗೆ ಮಡಚಿಕೊಳ್ಳುತ್ತದೆ. ಹೊರಗೆ ಒತ್ತಲು ಹಸನಬ್ಬ, ಇನ್ನೊಂದು ಕಡೆ ಅಮ್ಮ. ಸ್ಟೀರಿಂಗಿಗೂ ಗಾಜಿಗೂ ನಡುವಿನ ಜಾಗದಲ್ಲಿ ತೂರಬಲ್ಲವಳು ನಾನೊಬ್ಬಳೇ.

"ಎಳಿ ಮಗಾ, ಎಳಿ... ನಿಲ್ಸು ನಿಲ್ಸು! ಎಳಿ!"

"ಎಳೀಬೇಕಾ, ನಿಲ್ಲಿಸ್ಬೇಕಾ?"

"ನಿಧಾನಕ್ಕೆ ಎಳೆಯೋದಕ್ಕೆ ನಾನು ನಿಲ್ಸು ಅನ್ನೋದು!"

"ಹಂಗಾದ್ರೆ ನಿಧಾನ ಅಂತ ಹೇಳಿ ಹಸನಬ್ಬಾ" ಎಂದಳು ಅಮ್ಮ ಇನ್ನೊಂದು ಕಡೆಯಿಂದ. "ನೀವು ಹೇಳೋದು ನಂಗೂ ಅರ್ಥ ಆಗ್ತಾ ಇಲ್ಲ."

"ಟೀಚರ್ ಮುಂದೆ ಬಾಯಿ ಬಿಡೋದೇ ಕಷ್ಟ" ಎಂದರು ಹಸನಬ್ಬ.

ದಾರ ಅರ್ಧ ಬಂದು ತುಂಡಾಯಿತು. ಅದು ಕಾಫಿ ಮೂಟೆಗೆ ಹೊಲಿಗೆ ಹಾಕುವ ಗೋಣಿದಾರ. ಸೋಪಿನ ನೀರು ಕುಡಿದು ಮೆತ್ತಗಾಗಿತ್ತು. ಗಾಜು ಇಳಿಸಿ, ಮತ್ತೆ ದಾರ ತುಂಬಿದರು. ಈ ಸಲ ಎರಡೆಳೆ. ಮುಕ್ಕಾಲು ಬಂದು ಮತ್ತೆ ತುಂಡು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನನ್ನ ಬೆರಳಿನ ಸಂದುಗಳು ಸುಲಿದು ಉರಿಯುತ್ತಿದ್ದವು. ಜೀಪಿನಲ್ಲಿ ಹಾದುಹೋದ ಅಪ್ಪ ನಿಲ್ಲಿಸಿ, "ಇನ್ನೂ ಆಗ್ಲಿಲ್ವಾ? ಗಾಜು ಇಲ್ದೇನೇ ಓಡ್ಸಿ, ನೀರು ಎಲ್ಲಿಂದ ಬರುತ್ತೆ ಅಂತ ಹುಡುಕೋ ತಾಪತ್ರಯನೇ ಇಲ್ಲ" ಎಂದು ಹೇಳಿ ಹೋದ. ಅಮ್ಮ ಮನೆಗೆ ಹೋಗಿ, ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಬಿಚ್ಚಿ ತಂದಳು. ಹಸನಬ್ಬ ಅದರ ಒಂದು ಎಳೆ ಬಿಡಿಸಿಕೊಂಡರು.

ಮತ್ತೆ ಸೋಪಿನ ನೀರು ಸವರುತ್ತಿದ್ದಾಗ ನಾನು ಕೇಳಿದೆ. "ಎಣ್ಣೆ ಹಾಕಿದ್ರೆ ಇನ್ನೂ ಸಲೀಸಾಗಿ ಕೂರಲ್ವಾ?"

ಅವರ ಹಲ್ಲಿನ ನಡುವೆ ದಾರವಿತ್ತು. "ಸೋಪಿನ ನೀರೇ ಸಾಕು ಮಗಾ" ಎಂದರು.

ಯಾಕೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿದಾಗ ನನಗೆ ಮೊದಲು ಕಲಿಸಿದ್ದು ಎರಡನೆಯ ಪ್ರಶ್ನೆ ಕೇಳುವುದನ್ನು. ಆ ಭಾನುವಾರ ಅದು ನನಗೆ ಗೊತ್ತಿರಲಿಲ್ಲ.

ಮೂರನೆಯ ಸಲ ಹಗ್ಗ ತುಂಡಾಗಲಿಲ್ಲ. ಪಟ್, ಪಟ್ ಎನ್ನುತ್ತ ರಬ್ಬರಿನ ತುಟಿ ಸುತ್ತಲೂ ಒಳಗೆ ಮಡಚಿ ಕೂತಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಿಂದ ಪೈಪು ಎಳೆದು ತಂದು ಹಸನಬ್ಬ ಗಾಜಿನ ಮೇಲೆ ನೀರು ಬಿಟ್ಟರು. ನಾನು ಒಳಗೆ ಕೂತು ಮೂಲೆ ಮೂಲೆಗೆ ಕೈ ಇಟ್ಟು ನೋಡಿದೆ. ಎಲ್ಲ ಒಣ. ಅಮ್ಮ ಒಳಗೆ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಊಟಕ್ಕೆ ಮನೆಗೂ ಹೋಗಲಿಲ್ಲ. ಅಜ್ಜಿ ಗೊಣಗುತ್ತ ಅಕ್ಕಿರೊಟ್ಟಿ, ಬದನೆಕಾಯಿ ಎಣಗಾಯಿಯನ್ನು ತಟ್ಟೆಯಲ್ಲಿ ಹಾಕಿ ಕಳಿಸಿದಳು. ಇಬ್ಬರೂ ಕಾರಿನಲ್ಲೇ ಕೂತು ತಿಂದೆವು. ಗಾಜಿನ ಮೇಲೆ ನೀರು ಇಳಿಯುತ್ತಲೇ ಇತ್ತು.

ಅಲ್ಲಿಗೆ ಕತೆ ಮುಗಿದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯಲ್ಲಿ ಎಣ್ಣೆ ಕಾಣದ ವಸ್ತುವೇ ಇರಲಿಲ್ಲ. ಬಾಗಿಲಿನ ತಿರುಗಣೆಗೆ ಎಣ್ಣೆ, ಕತ್ತಿಗಳಿಗೆ ಎಣ್ಣೆ, ಹೊಸ್ತಿಲಿಗೆ ಎಣ್ಣೆ, ಅಪ್ಪನ ಬೆಲ್ಟಿಗೆ ಎಣ್ಣೆ, ನಮ್ಮ ನೆತ್ತಿಗೂ ಎಣ್ಣೆ. ಮೇ ತಿಂಗಳ ಕೊನೆಗೆ ಅಜ್ಜಿ ಒಂದು ಕುಪ್ಪಿ ಕೊಬ್ಬರಿ ಎಣ್ಣೆ, ಒಂದು ಕೋಳಿ ಗರಿ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಳು. "ಎಣ್ಣೆ ಕುಡಿದದ್ದು ಬಿರಿಯಲ್ಲ" ಎಂಬುದು ಅವಳ ಮಾತು. ಹಲಸಿನ ಮೇಣ ಕೈಗೆ ಮೆತ್ತಿದರೂ ಎಣ್ಣೆ, ಮೂಗು ಕಟ್ಟಿದರೂ ಎಣ್ಣೆ. ಆ ವರ್ಷ ಮಂಡಿನೋವೆಂದು ಅವಳು ಬೇಗನೆ, ಬೀಡಿಂಗ್ ಕೂರಿಸಿದ ವಾರದಲ್ಲೇ, ಕುಪ್ಪಿಯನ್ನೂ ಗರಿಯನ್ನೂ ನನಗೆ ಒಪ್ಪಿಸಿದಳು.

ತಿರುಗಣೆಗಳನ್ನು ಮುಗಿಸಿ ಶೆಡ್ಡಿಗೆ ಬಂದಾಗ ಅವಳೇ ಜಗಲಿಯಿಂದ ಕೂಗಿದಳು. "ಆ ಕಾರಿನ ರಬ್ಬರಿಗೂ ಒಂದು ಕೈ ಹಚ್ಚೇ ಶೈಲು. ಹಳೇದು ಒಣಗೇ ಅಲ್ವಾ ಬಿರ್ದಿದ್ದು?"

ತರ್ಕ ಸರಿಯಾಗಿತ್ತು. ಕಣದಲ್ಲಿ ಹಪ್ಪಳ ಎತ್ತುತ್ತಿದ್ದ ಅಮ್ಮನ ಮುಖ ನೋಡಿದೆ. ಅವಳೂ ತಲೆಯಾಡಿಸಿ, "ಒಂದ್ಸಲ ಹಚ್ಚು, ಸಾಕು" ಎಂದಳು.

ನಾನು ಒಂದು ಸಲ ಹಚ್ಚಲಿಲ್ಲ. ದಿನಾ ಹಚ್ಚಿದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಗರಿ ಅದ್ದಿ ಮುಂದಿನ ಗಾಜಿನ ಸುತ್ತ ಎರಡು ಸುತ್ತು. ಸಂಜೆ ಆಟ ಮುಗಿದ ಮೇಲೆ ನೆನಪಾದರೆ ಇನ್ನೊಂದು. ಜೂನ್ ಬರುತ್ತದೆ, ಒಂದು ಹನಿ ಒಳಗೆ ಬಂದರೆ ಕಾರು ಹೋಗುತ್ತದೆ, ಕಾರು ಹೋದರೆ ಅಮ್ಮ ಮನೆಯಲ್ಲೇ. ಇಷ್ಟು ನನಗೆ ಸ್ಪಷ್ಟವಾಗಿ ತಿಳಿದಿತ್ತು. ರಜೆಗೆ ಬಂದಿದ್ದ ನೆಂಟರ ಮಕ್ಕಳು ಕಾರಿನೊಳಗೆ ಬಸ್ಸಾಟ ಆಡಲು ಬಂದರೆ, ರಬ್ಬರ್ ಮುಟ್ಟಬಾರದೆಂದು ನಿಯಮ ಮಾಡಿದ್ದೆ.

ರಬ್ಬರ್ ಹೊಳೆಯತೊಡಗಿತು. ವಾರ ಕಳೆದಂತೆ ದಪ್ಪವಾಯಿತು. ಅದು ಒಳ್ಳೆಯ ಲಕ್ಷಣವೆಂದೇ ನಾನು ತಿಳಿದೆ. ಅಜ್ಜಿಯನ್ನು ಕರೆದು ತೋರಿಸಿದೆ. ಅವಳು ಬಾಣಂತಿ ಮನೆಯ ಕೂಸನ್ನು ನೋಡಿದ ಹಾಗೆ ನೋಡಿ, "ಮೈ ಕೈ ತುಂಬ್ಕೊಂಡಿದೆ ನೋಡು" ಎಂದಳು.

ಶಾಲೆ ಶುರುವಾದ ದಿನವೇ ಮಳೆಯೂ ಹಿಡಿಯಿತು. ಬೆಳಿಗ್ಗೆ ಹೊರಡುವಾಗ ಅಪ್ಪ ಶೆಡ್ಡಿನ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ. ಅಮ್ಮ ಹೊಸ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಟವೆಲು ಹಾಸಿಕೊಂಡಿರಲಿಲ್ಲ. ಗೇಟು ದಾಟಿದ ಕೂಡಲೇ, "ಪುಸ್ತಕ ತೆಗಿ" ಎಂದಳು.

ಎರಡನೆಯ ಪಾಠಕ್ಕೆ ಬಂದಿದ್ದೆವು. ಒಂದು ಎಡತಿರುವಿನಲ್ಲಿ ಚಕ್ರ ಹೊಂಡಕ್ಕೆ ಇಳಿದು ಎದ್ದಿತು. ಕಾರು ಕುಲುಕಿದ ಹೊಡೆತಕ್ಕೆ ಮುಂದಿನ ಗಾಜಿನ ಕೆಳಗಿನ ಮೂಲೆ ರಬ್ಬರಿನಿಂದ ಜಾರಿತು. ತುಂಡಾಗಲಿಲ್ಲ, ಬಿರಿಯಲಿಲ್ಲ. ಬಾಳೆಹಣ್ಣು ಸಿಪ್ಪೆಯಿಂದ ಜಾರುವ ಹಾಗೆ ಮೆತ್ತಗೆ ಜಾರಿತು. ಬೆರಳು ಹೋಗುವಷ್ಟು ಸಂದು ಬಿತ್ತು. ಹಿಂದಿನ ವರ್ಷ ಹನಿ ಹನಿ ಬರುತ್ತಿದ್ದ ನೀರು ಈಗ ಧಾರೆಯಾಗಿ ಬಂತು.

ಅಮ್ಮ ಬ್ರೇಕ್ ಹಾಕಲಿಲ್ಲ. "ಕೊಡೆ ಬಿಚ್ಚು" ಎಂದಳು.

"ಕಾರೊಳಗಾ?"

"ಬಿಚ್ಚೇ!"

ನಾನು ಕೊಡೆ ಬಿಚ್ಚಿ ಅವಳ ತೊಡೆಗೂ ಡ್ಯಾಶ್‌ಬೋರ್ಡಿಗೂ ಅಡ್ಡ ಹಿಡಿದೆ. ಕೊಡೆಯ ಕಡ್ಡಿ ಅವಳ ಗಲ್ಲಕ್ಕೆ ಚುಚ್ಚುತ್ತಿತ್ತು. ಕೊಡೆಯ ಮೇಲೆ ಬಿದ್ದ ನೀರೆಲ್ಲ ನನ್ನ ಚೀಲಕ್ಕೆ ಹರಿಯಿತು. ಸ್ವಲ್ಪ ದೂರ ಹೋದ ಮೇಲೆ ವೈಪರ್ ನಿಂತಿತು. ಒಂದು ಚಹಾದಂಗಡಿಯ ಮುಂದೆ ಅಮ್ಮ ನಿಲ್ಲಿಸಿ ಸೆರಗಿನಿಂದ ಗಾಜು ಒರೆಸುತ್ತಿದ್ದಾಗ, ಅಂಗಡಿಯ ಬೆಂಚಿನಲ್ಲಿದ್ದ ಒಬ್ಬರು ಕೂಗಿದರು.

"ಟೀಚರಮ್ಮಾ, ಮಳೆ ಒಳಗೆ ಬರ್ತಿದ್ಯಾ, ಹೊರಗೆ ಬರ್ತಿದ್ಯಾ?"

"ಎರಡೂ ಕಡೆ" ಎಂದಳು ಅಮ್ಮ. "ಒಳಗೆ ಜಾಗ ಇದೆ, ಬರ್ತೀರಾ?"

ಬೆಂಚು ನಕ್ಕಿತು. ಅಮ್ಮ ನಗಲಿಲ್ಲ. ಗಾಜು ಒರೆಸಿ, ಸ್ವಲ್ಪ ಹೋಗಿ, ಮತ್ತೆ ನಿಲ್ಲಿಸಿ ಒರೆಸಿ, ಶಾಲೆ ಮುಟ್ಟಿದಾಗ ಪ್ರಾರ್ಥನೆಯೂ ಎರಡು ಪೀರಿಯಡ್ಡೂ ಮುಗಿದಿದ್ದವು. ಹೆಡ್‌ಮಿಸ್ಟ್ರೆಸ್ ಅಮ್ಮನ ಒದ್ದೆ ಸೀರೆ ನೋಡಿ ಒಳಗಿನಿಂದ ಟವೆಲು ತರಿಸಿ ಕೊಟ್ಟರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಂಜೆ ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದ. ಒಂದು ಹನಿಯ ಷರತ್ತನ್ನು ನೆನಪಿಸುವ ಅಗತ್ಯ ಅವನಿಗಿರಲಿಲ್ಲ. ಸೀಟಿನ ಕೆಳಗೆ ನೀರು ನಿಂತಿತ್ತು. "ಹಸನಬ್ಬ ಬಂದು ನೋಡ್ಲಿ. ಆಮೇಲೆ ಮಾತಾಡಣ" ಎಂದಷ್ಟೇ ಹೇಳಿದ.

ಹಸನಬ್ಬ ಬರುವುದಕ್ಕೂ ನಾಲ್ಕು ದಿನ ಬೇಕಾಯಿತು. ಮಳೆಗೆ ಕೆಟ್ಟ ವಾಹನಗಳ ಕೆಲಸ ಅವರಿಗೆ ಮೂಡಿಗೆರೆಯಲ್ಲೇ ಸಾಕಷ್ಟಿತ್ತು. ಅಷ್ಟೂ ದಿನ ಅಮ್ಮ, ನಾನು ಬೆಳಗಿನ ಬಸ್ಸಿನಲ್ಲಿ ಹೋದೆವು. ಅಷ್ಟೂ ದಿನ ತಡ. ಅವಳ ತರಗತಿಯನ್ನು ಡ್ರಿಲ್ ಮಾಸ್ತರು ಸುಮ್ಮನೆ ಕೂರಿಸಿಕೊಂಡಿರುತ್ತಿದ್ದರು.

ಹಸನಬ್ಬ ಬಂದ ದಿನ ಮನೆಯವರೆಲ್ಲ ಶೆಡ್ಡಿನಲ್ಲಿದ್ದೆವು. ಅವರು ಬೀಡಿಂಗನ್ನು ಎರಡು ಬೆರಳಲ್ಲಿ ಚಿವುಟಿದರು. ಬೆರಳಿನ ಗುರುತು ಹಾಗೇ ಉಳಿಯಿತು. ಅವರು ಬೆರಳನ್ನು ಮೂಗಿಗೆ ಹಿಡಿದರು.

"ಇದಕ್ಕೆ ಕೊಬ್ಬರಿ ಎಣ್ಣೆ ಹಾಕಿದ್ದು ಯಾರು ಮಾರಾಯ್ರೆ?"

ಅಜ್ಜಿ ಮಂಡಿ ನೀವಿಕೊಂಡಳು. ಶೆಡ್ಡಿನ ಗೋಡೆಯ ಗೂಡಿನಲ್ಲಿ ಕುಪ್ಪಿ ಇತ್ತು. ಅದರ ಬಾಯಲ್ಲಿ ಕೋಳಿ ಗರಿ ನೆಟ್ಟಗೆ ನಿಂತಿತ್ತು. ನಾನು ಅದರ ಮುಂದೆ ಸರಿದು ನಿಂತೆ.

"ಎಣ್ಣೆ ಅಂದ್ರೆ ರಬ್ಬರಿಗೆ ಶತ್ರು ಟೀಚರ್" ಎಂದರು ಹಸನಬ್ಬ. "ಮೊದ್ಲು ಉಬ್ಬುತ್ತೆ. ನೋಡೋರಿಗೆ ಚೆಂದ. ಆಮೇಲೆ ಬೆಲ್ಲದ ಪಾಕ. ಹಾಗೇ ಬಿಟ್ಟಿದ್ರೆ ಹತ್ತು ಮಳೆಗಾಲಕ್ಕೆ ಎಂಥದೂ ಆಗ್ತಿರ್ಲಿಲ್ಲ ಇದಕ್ಕೆ."

"ನಾನೇ ಹಚ್ಚಿದ್ದು" ಎಂದಳು ಅಮ್ಮ.

ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಊರ ಮಕ್ಕಳಿಗೆಲ್ಲ ಪಾಠ ಹೇಳ್ತಾಳೆ. ಕಾರಿಗೆ ಎಣ್ಣೆ ಸ್ನಾನ ಮಾಡಿಸಿದಾಳೆ. ಸೀಗೆಪುಡಿ ಯಾಕೆ ಬಿಟ್ಟೆ?"

ನಾನು ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆನೆಂದರೆ, ಆಮೇಲೆ ಹೇಳಿದರೆ ಅದು ಇನ್ನೊಂದು ತಪ್ಪಾಗುತ್ತಿತ್ತು.

ಹಸನಬ್ಬ ಅಪ್ಪನ ಕಡೆ ತಿರುಗಿ, "ಕಾರಿನ ತಪ್ಪಲ್ಲ ಗೌಡ್ರೇ ಇದು. ಇನ್ನೊಂದು ರಬ್ಬರ್ ತರ್ಸಿ, ನೀರು ಬಂದ್ರೆ ನನ್ನ ಕೇಳಿ" ಎಂದರು. ಅಪ್ಪ ಸ್ವಲ್ಪ ಹೊತ್ತು ಗಾಜನ್ನೇ ನೋಡಿ, "ಆಯ್ತು, ಇನ್ನೊಂದ್ಸಲ" ಎಂದ. ಅವನ ಬಾಯಲ್ಲಿ ಇನ್ನೊಂದು ಸಲ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಅಂಗಡಿಯಲ್ಲಿ ಬೀಡಿಂಗ್ ಇರಲಿಲ್ಲ, ಬೆಂಗಳೂರಿನಿಂದ ಬರಬೇಕಿತ್ತು. ಒಂದು ವಾರ ಎಂದರು, ಎರಡು ವಾರ ಕಳೆಯಿತು. ಅಮ್ಮ ದಿನಾ ಗೇಟಿನ ಬಳಿ ನಿಂತು, ಮೂಡಿಗೆರೆಗೆ ಹೋಗುವ ಯಾವುದಾದರೂ ಜೀಪು ಸಿಗುತ್ತದೆಯೇ ಎಂದು ನೋಡುತ್ತಿದ್ದಳು. ಸಿಕ್ಕ ದಿನ ಹಿಂದೆ ಆಳುಗಳ ನಡುವೆ ತೂರಿಕೊಂಡು ಹೋಗುತ್ತಿದ್ದೆವು. ಸಿಗದ ದಿನ ಬಸ್ಸು. ಅಪ್ಪನೂ ಎರಡು ದಿನ ಜೀಪಿನಲ್ಲಿ ಬಿಟ್ಟುಬಂದ. ಮೂರನೆಯ ದಿನ ಮೇಲಿನ ತೋಟದಲ್ಲಿ ಕೆಲಸ ನಿಂತುಹೋಗಿ ಅವನಿಗೂ ಅವಳಿಗೂ ಮಾತಾಯಿತು. ಕೊನೆಗೆ ಅವನೇ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ, ಜೀಪಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಅಂಗಡಿಯವರ ಮುಂದೆ ಕೂತು ಪಾರ್ಸೆಲ್ ಬರುವವರೆಗೆ ಕಾದು ಬೀಡಿಂಗ್ ತಂದ. ತಲೆಯಿಂದ ಕಾಲಿನವರೆಗೆ ನೆನೆದು ಬಂದವನು ಪೊಟ್ಟಣವನ್ನು ಅಮ್ಮನ ಕೈಗೆ ಕೊಟ್ಟ.

ಅಮ್ಮ ಅದನ್ನು ಮೇಜಿನ ಮೇಲಿಟ್ಟು, ಹಿಂದಿನ ದಿನ ಬಂದಿದ್ದ ಕಾಗದವನ್ನು ಅವನಿಗೆ ಕೊಟ್ಟಳು. ಮೂಡಿಗೆರೆಯಲ್ಲೇ ಮನೆ ಇರುವ ಒಬ್ಬರನ್ನು ಹಿಂದಿಗೆ ತೆಗೆದುಕೊಂಡಿದ್ದೇವೆ, ನಿಮ್ಮ ಸಹಕಾರಕ್ಕೆ ವಂದನೆಗಳು ಎಂದು ಅದರಲ್ಲಿತ್ತು. ಅಪ್ಪ ಓದಿ, ಮಡಚಿ, ವಾಪಸು ಕೊಟ್ಟ. "ಒಂದು ದಿನ ಮೊದ್ಲು ಹೋಗಿದ್ರೆ..." ಎಂದ. ಒಂದು ದಿನ ಮೊದಲು ಹೋಗಿದ್ದರೂ ಏನೂ ಆಗುತ್ತಿರಲಿಲ್ಲ. ಕಾಗದದ ಮೇಲಿನ ತಾರೀಖು ಅದಕ್ಕೂ ಮೂರು ದಿನ ಹಿಂದಿನದು.

ಬೀಡಿಂಗ್ ಕೂರಿಸಿದ್ದು ಅದರ ಮುಂದಿನ ಭಾನುವಾರ. ನೈಲಾನ್ ಎಳೆ, ಸೋಪಿನ ನೀರು, ಮೊದಲ ಪ್ರಯತ್ನಕ್ಕೇ ಆಯಿತು. ಪೈಪಿನ ಅಗತ್ಯ ಬೀಳಲಿಲ್ಲ. ಕಾರನ್ನು ಶೆಡ್ಡಿನಿಂದ ಹೊರಗೆ ತಂದು ಮಳೆಯಲ್ಲಿ ನಿಲ್ಲಿಸಿದರು. ಅಪ್ಪನೇ ಒಳಗೆ ಕೂತು ಒಂದು ಗಂಟೆ ಕಾದ. ಒಂದು ಹನಿ ಬರಲಿಲ್ಲ.

ಆಡಿದ ಮಾತಿನಂತೆ ಅವನು ಕಾರು ಮಾರಲಿಲ್ಲ. ನನ್ನನ್ನು ಮೂಡಿಗೆರೆಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. ಅಲ್ಲಿಂದ ಶಾಲೆಗೆ ನಡೆದು ಹೋಗುವಷ್ಟು ದೂರ, ಪುಸ್ತಕ ತೆಗೆಯುವಷ್ಟೂ ದಾರಿ ಇರಲಿಲ್ಲ. ಕಾರು ಮದುವೆಗಳಿಗೆ ಹೋಯಿತು. ವರ್ಷಕ್ಕೊಮ್ಮೆ ಹೊರನಾಡಿನ ದೇವಸ್ಥಾನಕ್ಕೆ ಹೋಯಿತು. ಓಡಿಸುತ್ತಿದ್ದದ್ದು ಹೆಚ್ಚಾಗಿ ಅಪ್ಪ. ಬಂದವರಿಗೆಲ್ಲ ಗಾಜಿನ ಅಂಚಿಗೆ ಬೆರಳಿಟ್ಟು ತೋರಿಸಿ, "ಇಷ್ಟು ವರ್ಷ ಆಯ್ತು, ಒಂದು ಹನಿ ಬಂದಿಲ್ಲ" ಎನ್ನುತ್ತಿದ್ದ. ಅಮ್ಮ ಅಷ್ಟು ಹೊತ್ತಿಗೆ ಕಾಫಿ ಮಾಡಲು ಒಳಗೆ ಹೋಗಿರುತ್ತಿದ್ದಳು. ಅವಳು ಮತ್ತೆ ಯಾವ ಶಾಲೆಗೂ ಅರ್ಜಿ ಹಾಕಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಅದೂ ಒಂದು ಎರಡನೆಯ ಪ್ರಶ್ನೆ.

ಈಗ ಅಪ್ಪ ಇಲ್ಲ. ತೋಟವನ್ನು ಬೇರೆಯವರಿಗೆ ಕೊಟ್ಟಾಗಿದೆ. ಅಮ್ಮ ಚಿಕ್ಕಮಗಳೂರಿನಲ್ಲಿ ನನ್ನ ಜೊತೆ ಇದ್ದಾಳೆ, ಕಾರೂ ಇದೆ. ಅವಳ ತಂದೆಗೆ ಆದ ಹಾಗೆಯೇ ಅವಳ ಕಣ್ಣೂ ಮಂಜಾಗಿದೆ. ಈ ಬೇಸಿಗೆಯಲ್ಲಿ ಕಾರಿನ ಬೀಡಿಂಗ್ ಮತ್ತೆ ಬಿರಿದದ್ದು ನೋಡಿ, ಹೊಸದನ್ನು ಫೋನಿನಲ್ಲೇ ಆರ್ಡರ್ ಮಾಡಿದೆ. ಎರಡನೆಯ ದಿನ ಮನೆಬಾಗಿಲಿಗೆ ಬಂತು. ಸರಿಯಾದ ಅಳತೆಯದೇ. ಎಣ್ಣೆ ತಾಗಿಸಬೇಡಿ ಎಂದು ಒಂದು ಚೀಟಿಯೂ ಅದರೊಳಗಿತ್ತು. ಅದನ್ನು ನಾನು ಹಾಗೇ ನಿಂತು ಎರಡು ಸಲ ಓದಿದೆ. ಗ್ಯಾರೇಜಿನ ಇಬ್ಬರು ಬಂದು, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಯಿಂದ ಗಾಜನ್ನು ಎತ್ತಿ, ಅರ್ಧ ಗಂಟೆಯಲ್ಲಿ ಕೂರಿಸಿದರು. ದಾರ ನಾನು ಎಳೆಯಲಾ ಎಂದು ಕೇಳಿದೆ. "ಬೇಡ ಮೇಡಂ, ನಮ್ಮ ಹತ್ರ ಟೂಲ್ ಇದೆ" ಎಂದರು.

ಅವರು ಹೋದ ಮೇಲೆ ನಾನು ಪೈಪು ತಂದು ಗಾಜಿನ ಮೇಲೆ ನೀರು ಹರಿಯುವ ಹಾಗೆ ಕಟ್ಟಿ, ಅಮ್ಮನನ್ನು ಕರೆತಂದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಪಕ್ಕದಲ್ಲಿ ನಾನು ಕೂತೆ. ಅವಳು ಬೀಡಿಂಗಿನ ಉದ್ದಕ್ಕೂ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದು ನೋಡಿದಳು.

"ಎಣ್ಣೆ ಹಚ್ಚಿಲ್ಲ ತಾನೇ?"

ಇಷ್ಟು ವರ್ಷಗಳಲ್ಲಿ ಅವಳು ಆ ಮಾತೆತ್ತಿದ್ದು ಅದೇ ಮೊದಲು.

"ಅವತ್ತು ಯಾಕಮ್ಮ ನಾನೇ ಹಚ್ಚಿದ್ದು ಅಂದೆ?"

"ಹಚ್ಚು ಅಂದಿದ್ದು ನಾನೇ ಅಲ್ವಾ?"

"ಒಂದ್ಸಲ ಅಂದಿದ್ದೆ. ನಾನು ದಿನಾ ಹಚ್ಚಿದೀನಿ."

"ಗೊತ್ತು. ಆ ಕುಪ್ಪೀನ ಮೂರು ಸಲ ತುಂಬ್ಸಿಟ್ಟಿದ್ದು ಯಾರು ಅಂದ್ಕೊಂಡಿದ್ದೀಯಾ?" ಎಂದಳು. "ನಂಗೂ ಹಂಗೇ ಅನ್ಸಿತ್ತು ಕಣೇ. ಜಾಸ್ತಿ ಹಚ್ಚಿದಷ್ಟೂ ಗಟ್ಟಿ ಅಂತ."

ನೀರು ಗಾಜಿನ ಮೇಲೆ ಹಾಳೆ ಹಾಳೆಯಾಗಿ ಇಳಿಯುತ್ತಿತ್ತು. ಅವಳು ಎರಡೂ ಕೈಗಳನ್ನು ಸ್ಟೀರಿಂಗ್ ಮೇಲಿಟ್ಟಿದ್ದಳು. ನಾನು ಡ್ಯಾಶ್‌ಬೋರ್ಡಿನ ಗೂಡು ತೆಗೆದು ನೋಡಿದೆ. ನಿಂಬೆಹಣ್ಣಿಲ್ಲ, ಚಾಕ್‌ಪೀಸಿಲ್ಲ. ಇನ್ಶೂರೆನ್ಸ್ ಕಾಗದಗಳಿದ್ದವು. ಹೊಸ ರಬ್ಬರಿಗೆ ವಾಸನೆಯೂ ಇರಲಿಲ್ಲ.

"ನೀರಂತೂ ಬರಲ್ಲ" ಎಂದಳು ಅಮ್ಮ. "ಈಗ ಹೋಗೋದು ಎಲ್ಲಿಗೆ ಹೇಳು?"

ನೀರು ಸುಮ್ಮನೆ ಪೋಲಾಗುತ್ತಿದೆ ಎಂದು ಹೇಳಿ ಪೈಪು ನಿಲ್ಲಿಸಲು ಇಳಿದು, ಬಾಗಿಲು ಹಾಕಿದೆ. ನಲ್ಲಿಯ ಬಳಿ ನಿಂತು ತಿರುಗಿ ನೋಡಿದಾಗ ಅವಳು ಗಾಜಿನ ಹಿಂದೆ, ಪಕ್ಕದ ಖಾಲಿ ಸೀಟಿನ ಕಡೆ ಮುಖ ಮಾಡಿ, ಶಾಲೆಯ ದಾರಿಯಲ್ಲಿ ಪಾಠ ಮಾಡುತ್ತಿದ್ದ ಹಾಗೆ, ಏನೋ ಹೇಳುತ್ತಿದ್ದಳು. ತುಟಿ ಆಡುವುದು ಕಾಣುತ್ತಿತ್ತು. ಒಂದು ಮಾತೂ ಹೊರಗೆ ಕೇಳಲಿಲ್ಲ. ಬೀಡಿಂಗ್ ಅಷ್ಟು ಚೆನ್ನಾಗಿ ಕೂತಿತ್ತು.